ಇಲ್ಲದ ಪ್ರಾಣಿಯ ಕರುಳು

1799ರಲ್ಲಿ ಬ್ರಿಟಿಷ್ ಮ್ಯೂಸಿಯಂನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಅವರ ಕೈಗೆ ಆಸ್ಟ್ರೇಲಿಯಾದಿಂದ ಬಂದ ಒಂದು ಒಣ ಚರ್ಮ ಸೇರಿತು. ಮೈತುಂಬ ನೀರುನಾಯಿಯಂಥ ತುಪ್ಪಳ. ಬೆರಳುಗಳ ನಡುವೆ ಜಾಲಪೊರೆ. ಮೂತಿ ಇರಬೇಕಾದ ಕಡೆ ಬಾತುಕೋಳಿಯ ಕೊಕ್ಕು. ಶಾ ಅದನ್ನು ವಿವರವಾಗಿ ವರ್ಣಿಸಿದರು, ಹೆಸರನ್ನೂ ಇಟ್ಟರು. ಆದರೂ ಯಾರೋ ಕೈಚಳಕದವರು ಬಾತಿನ ಕೊಕ್ಕನ್ನು ಬೇರೊಂದು ಪ್ರಾಣಿಗೆ ಜೋಡಿಸಿ ಕಳಿಸಿರಬಹುದೇ ಎಂಬ ಅನುಮಾನ ಅವರನ್ನು ಬಿಡಲಿಲ್ಲ. ಜೋಡಣೆಯ ಗುರುತು ಮಾತ್ರ ಎಲ್ಲೂ ಸಿಗಲಿಲ್ಲ. ಅದು ಪ್ಲಾಟಿಪಸ್. ಆಸ್ಟ್ರೇಲಿಯಾದ ಹೊಳೆಗಳಲ್ಲಿ ಅದು ಆಗಲೂ ಈಜುತ್ತಿತ್ತು, ಈಗಲೂ ಈಜುತ್ತಿದೆ.

ಸುಮಾರು ಇನ್ನೂರು ವರ್ಷಗಳ ನಂತರ, 1996ರ ಫೆಬ್ರವರಿ 27ರಂದು, ಜಪಾನಿನಲ್ಲಿ ನಿಂಟೆಂಡೊದ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರಕ್ಕೆ ಪೊಕೆಮಾನ್ ಆಟ ಬಂತು. ಅದರಲ್ಲಿದ್ದ ಜೀವಿಗಳು 151. ಒಂದೂ ನಿಜವಲ್ಲ. ಕೆನ್ನೆಯಲ್ಲಿ ವಿದ್ಯುತ್ತು ಕೂಡಿಟ್ಟುಕೊಳ್ಳುವ ಹಳದಿ ಇಲಿ, ಬೆನ್ನ ಮೇಲೆ ಗಡ್ಡೆ ಬೆಳೆಸಿಕೊಂಡ ನಾಲ್ಕು ಕಾಲಿನ ಪ್ರಾಣಿ, ಬಾಲದ ತುದಿಯಲ್ಲಿ ಬೆಂಕಿ ಹೊತ್ತ ಹಲ್ಲಿ. ಇವುಗಳ ಹೊಲಿಗೆ ಎಲ್ಲಿದೆ ಎಂದು ಯಾವ ಮಗುವೂ ಹುಡುಕಲಿಲ್ಲ. ಇಂದು ಆ ಜೀವಿಗಳ ಸಂಖ್ಯೆ ಸಾವಿರ ದಾಟಿದೆ. ಹೊಸದೊಂದನ್ನು ಮೊದಲ ಸಲ ನೋಡಿದ ಮಗು ಕೂಡ ಇದು ನೀರಿನದು, ಇದು ಗುಹೆಯದು, ಇದನ್ನು ಮುಟ್ಟಿದರೆ ವಿಷ ಎಂದು ಥಟ್ಟನೆ ಹೇಳುತ್ತದೆ. ಬಹಳ ಸಲ ಆ ಊಹೆ ಸರಿಯಾಗಿಯೇ ಇರುತ್ತದೆ.

ಇರುವ ಪ್ರಾಣಿಯನ್ನು ನಂಬಲು ವಿಜ್ಞಾನಿಗೆ ಕಷ್ಟವಾಯಿತು, ಇಲ್ಲದ ಪ್ರಾಣಿಯನ್ನು ಮಗು ಸಲೀಸಾಗಿ ಒಪ್ಪಿಕೊಂಡಿತು. ಮಕ್ಕಳು ಏನನ್ನಾದರೂ ನಂಬುತ್ತಾರೆ ಎಂದು ಇದನ್ನು ತಳ್ಳಿಹಾಕುವಂತಿಲ್ಲ. ಪಿಕಾಚು ಎಂಬ ಆ ಹಳದಿ ಇಲಿ ನಿಜವಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು. ಅದೇ ಮಕ್ಕಳ ಮುಂದೆ ಹತ್ತು ಕೊಂಬು, ಆರು ರೆಕ್ಕೆ, ಮೂರು ಬಾಲಗಳ ಒಂದು ಮೃಗವನ್ನು ಬರೆದಿಡಿ, ಮುಖ ಸಿಂಡರಿಸುತ್ತಾರೆ. ಅವರು ಒಪ್ಪುವುದು, ಅಲ್ಲಗಳೆಯುವುದು ಯಾವುದೋ ಒಂದು ಲೆಕ್ಕದ ಮೇಲೆ. ಆ ಲೆಕ್ಕವೇ ಈ ಅಧ್ಯಾಯದ ವಸ್ತು.

ಹೊಟ್ಟೆಯ ಮೇಲಿನ ಸುರುಳಿ

ಮೊದಲ ಆಟದಲ್ಲೇ ಬಂದ ಪೋಲಿವ್ಯಾಗ್ ಎಂಬ ಜೀವಿಯನ್ನು ಹತ್ತಿರದಿಂದ ನೋಡೋಣ. ನೀಲಿಯ ಗುಂಡು ಮೈ, ಅಗಲವಾದ ಬಾಲ, ಎರಡು ಪುಟ್ಟ ಕಾಲು. ಕೈಗಳಿಲ್ಲ. ಬಿಳಿಯ ಹೊಟ್ಟೆಯ ಮೇಲೆ ಒಂದು ಕಪ್ಪು ಸುರುಳಿ. ನೋಡಿದವರಲ್ಲಿ ಬಹಳ ಜನ ಆ ಸುರುಳಿಯನ್ನು ಅಲಂಕಾರ ಎಂದುಕೊಳ್ಳುತ್ತಾರೆ.

ಮಳೆಗಾಲದಲ್ಲಿ ನಮ್ಮ ಗದ್ದೆಯಂಚಿನ ಗುಂಡಿಗಳಲ್ಲಿ ಕಾಣುವ ಗೊದಮೊಟ್ಟೆಗಳನ್ನು ಗಾಜಿನ ಲೋಟದಲ್ಲಿ ನೀರಿನ ಸಮೇತ ಹಿಡಿದು ಕೆಳಗಿನಿಂದ ನೋಡಿದರೆ ಗುಟ್ಟು ತಿಳಿಯುತ್ತದೆ. ಹೊಟ್ಟೆಯ ಚರ್ಮ ಎಷ್ಟು ತೆಳುವೆಂದರೆ ಒಳಗೆ ಸುತ್ತಿಕೊಂಡ ಕರುಳು ಹಾಗೆಯೇ ಕಾಣುತ್ತದೆ, ಗಡಿಯಾರದ ಸ್ಪ್ರಿಂಗಿನಷ್ಟು ಅಚ್ಚುಕಟ್ಟಾದ ಸುರುಳಿಯಾಗಿ. ಹೆಚ್ಚಿನ ಗೊದಮೊಟ್ಟೆಗಳು ಪಾಚಿ ತಿಂದು ಬದುಕುತ್ತವೆ. ಪಾಚಿಯಂಥ ಸೊಪ್ಪಿನ ಆಹಾರ ಕರಗಲು ಉದ್ದನೆಯ ಕರುಳು ಬೇಕು. ಹೊಟ್ಟೆಯಲ್ಲಿ ಜಾಗ ಕಡಿಮೆ, ಹಾಗಾಗಿ ಕರುಳು ಸುತ್ತಿಕೊಳ್ಳಲೇಬೇಕು. ಕಪ್ಪೆಯಾಗುವ ಹೊತ್ತಿಗೆ ಊಟ ಬದಲಾಗುತ್ತದೆ. ಹುಳುಹುಪ್ಪಟೆ ತಿನ್ನುವವನಿಗೆ ಅಷ್ಟುದ್ದ ಕರುಳು ಬೇಡ. ಪ್ರಯೋಗಾಲಯಗಳಲ್ಲಿ ಹೆಚ್ಚು ಅಧ್ಯಯನವಾದ ಆಫ್ರಿಕಾದ ಒಂದು ಜಾತಿಯ ಕಪ್ಪೆಯಲ್ಲಿ, ರೂಪಾಂತರದ ವೇಳೆ ಕರುಳಿನ ಉದ್ದ ಮುಕ್ಕಾಲು ಭಾಗದಷ್ಟು ಕುಗ್ಗಿಬಿಡುತ್ತದೆ.

ಪೋಲಿವ್ಯಾಗ್‌ನ ಸುರುಳಿ ಅದರ ಕರುಳು. ಆಟದೊಳಗೆ ಪ್ರತಿ ಜೀವಿಗೂ ಕೊಟ್ಟಿರುವ ವಿವರಣೆಯೂ ಇದನ್ನೇ ಹೇಳುತ್ತದೆ: ಚರ್ಮ ತೆಳುವಾದ್ದರಿಂದ ಒಳಗಿನ ಅಂಗ ಕಾಣುತ್ತಿದೆ ಎಂದು. ಕೈಗಳಿಲ್ಲದೆ ಬರೀ ಕಾಲಿರುವುದೂ ಲೆಕ್ಕ ತಪ್ಪಿದ್ದಲ್ಲ. ಗೊದಮೊಟ್ಟೆಗೆ ಮೊದಲು ಹೊರಗೆ ಕಾಣಿಸಿಕೊಳ್ಳುವುದು ಹಿಂಗಾಲು, ಮುಂಗಾಲು ಆಮೇಲೆ, ಬಾಲ ಕರಗುವುದು ಕೊನೆಗೆ. ಪೋಲಿವ್ಯಾಗ್ ಬೆಳೆದು ಪೋಲಿವರ್ಲ್ ಆದಾಗ ಅದಕ್ಕೆ ಕೈ ಬಂದಿರುತ್ತದೆ, ಬಾಲ ಹೋಗಿರುತ್ತದೆ. ಕ್ರಮ ಎಲ್ಲೂ ಕೆಟ್ಟಿಲ್ಲ. ದೊಡ್ಡದಾದ ಮೇಲೂ ಸುರುಳಿ ಉಳಿದುಕೊಂಡಿರುವುದು ಮಾತ್ರ ಜೀವಶಾಸ್ತ್ರಕ್ಕೆ ಹೊಂದದ ಮಾತು. ಇದು ಅದೇ ಪ್ರಾಣಿ ಎಂದು ಆಡುವವರಿಗೆ ಗುರುತು ಸಿಗಬೇಕಲ್ಲ, ಅದಕ್ಕಾಗಿ ಮಾಡಿಕೊಂಡ ಈ ಸಡಿಲಿಕೆಯನ್ನು ನಾನಂತೂ ಸಂತೋಷದಿಂದ ಒಪ್ಪುತ್ತೇನೆ.

ಗೊದಮೊಟ್ಟೆಯನ್ನು ಎಂದೂ ಬುಡಮೇಲು ಮಾಡಿ ನೋಡದ ನಗರದ ಮಗುವಿಗೆ ಈ ಕರುಳಿನ ಕಥೆ ಗೊತ್ತಿರುವುದಿಲ್ಲ. ಆದರೂ ಅದಕ್ಕೆ ಪೋಲಿವ್ಯಾಗ್ ಹೊಂದಿಕೊಂಡ ಜೀವಿಯಾಗಿಯೇ ಕಾಣುತ್ತದೆ. ಇದು ಹೇಗೆ?

ಕಂಡದ್ದರಿಂದ ಕಾಣದ್ದಕ್ಕೆ

ಹತ್ತೊಂಬತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಪ್ಯಾರಿಸ್ಸಿನ ಮೋಂಮಾರ್ತ್ರ್ ಗುಡ್ಡದ ಜಿಪ್ಸಮ್ ಗಣಿಯಿಂದ ಒಂದು ಪುಟ್ಟ ಪಳೆಯುಳಿಕೆ ಸಿಕ್ಕಿತು. ಅರ್ಧ ಮೈ ಇನ್ನೂ ಕಲ್ಲೊಳಗೇ ಹುದುಗಿತ್ತು. ಫ್ರೆಂಚ್ ಅಂಗರಚನಾಶಾಸ್ತ್ರಜ್ಞ ಜಾರ್ಜ್ ಕುವಿಯೇ ಅದರ ಹಲ್ಲು, ದವಡೆಗಳನ್ನು ನೋಡಿ, ಇದು ಮರಿಯನ್ನು ಚೀಲದಲ್ಲಿ ಹೊರುವ ಒಪೋಸಮ್ ಜಾತಿಯದು, ಕಲ್ಲು ಕೊರೆದರೆ ಸೊಂಟದ ಮುಂದೆ ಆ ಗುಂಪಿಗೇ ಮೀಸಲಾದ ಎರಡು ಎಲುಬು ಸಿಗಬೇಕು ಎಂದರು. ಸಾಕ್ಷಿಗಳನ್ನು ಎದುರಿಗೆ ನಿಲ್ಲಿಸಿಕೊಂಡು ಸೂಜಿಯಿಂದ ಕಲ್ಲು ಕೆದಕಿದರು. ಎಲುಬು ಅಲ್ಲಿಯೇ ಇದ್ದವು.

ಕುವಿಯೇ ಹಿಡಿದ ಸೂತ್ರ ಸರಳ. ಪ್ರಾಣಿಯ ಅಂಗಗಳು ಬಿಡಿಬಿಡಿಯಾಗಿ ಇರುವುದಿಲ್ಲ, ಒಂದರ ಸ್ವರೂಪ ಇನ್ನೊಂದನ್ನು ಕಟ್ಟಿಹಾಕುತ್ತದೆ. ಮಾಂಸ ಸೀಳುವ ಹಲ್ಲಿದ್ದರೆ ಬೇಟೆಯನ್ನು ಹಿಡಿಯುವ ಉಗುರು ಬೇಕು, ಓಡುವ ಕಾಲು ಬೇಕು, ಮಾಂಸ ಕರಗಿಸುವ ಗಿಡ್ಡ ಕರುಳು ಬೇಕು. ಗೊರಸು ಇದ್ದಲ್ಲಿ ಹುಲ್ಲು ಅರೆಯುವ ದವಡೆಹಲ್ಲು ಇರುವುದೇ ಹೆಚ್ಚು. ಈ ಹೊಂದಾಣಿಕೆಯನ್ನು ನಾವಿಲ್ಲಿ ಅಂಗಸಾಂಗತ್ಯ ಎಂದು ಕರೆಯೋಣ.

ಕುವಿಯೇ ಎಲುಬುಗಳಲ್ಲಿ ಕಂಡದ್ದನ್ನು 1970ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಎಲಿನರ್ ರಾಷ್ ಮನಸ್ಸಿನೊಳಗೆ ಕಂಡರು. ಲೋಕದಲ್ಲಿ ಗುಣಗಳು ಗೊಂಚಲು ಗೊಂಚಲಾಗಿ ಬರುತ್ತವೆ: ಗರಿ ಇದ್ದಲ್ಲಿ ರೆಕ್ಕೆ, ರೆಕ್ಕೆ ಇದ್ದಲ್ಲಿ ಕೊಕ್ಕು. ನಮ್ಮ ಮನಸ್ಸು ಆ ಗೊಂಚಲುಗಳನ್ನೇ ಹಿಡಿದು ಪ್ರಾಣಿಗಳನ್ನು ವಿಂಗಡಿಸುತ್ತದೆ. 1994ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ಥಾಮಸ್ ವಾರ್ಡ್ ಇದಕ್ಕೆ ಚೆಂದದ ಒಂದು ಪ್ರಯೋಗ ಸೇರಿಸಿದರು. ಬೇರೊಂದು ಗ್ರಹದ ಪ್ರಾಣಿಯನ್ನು ಕಲ್ಪಿಸಿಕೊಂಡು ಚಿತ್ರ ಬರೆಯಿರಿ ಎಂದು ಕಾಲೇಜು ವಿದ್ಯಾರ್ಥಿಗಳಿಗೆ ಹೇಳಿದರು. ಏನು ಬೇಕಾದರೂ ಬರೆಯಬಹುದಿತ್ತು. ಆದರೂ ಹೆಚ್ಚಿನವರ ಪ್ರಾಣಿಗೆ ಎಡಬಲ ಸಮವಾಗಿತ್ತು, ಕಣ್ಣಿತ್ತು, ಕಾಲಿತ್ತು. ಆ ಪ್ರಾಣಿಗೆ ಗರಿ ಇದೆ ಎಂಬ ಒಂದೇ ಸುಳಿವು ಕೊಟ್ಟಾಗ, ಯಾರೂ ಕೇಳದಿದ್ದರೂ ರೆಕ್ಕೆ, ಕೊಕ್ಕುಗಳು ಹಿಂದೆಯೇ ಬಂದವು.

ಇದು ಪ್ರಾಣಿಗಳಿಗಷ್ಟೇ ಮೀಸಲಾದ ಬುದ್ಧಿಯಲ್ಲ. ತೀರ್ಥಹಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ತಲೆಗೆ ಹಾಳೆಟೊಪ್ಪಿ, ಸೊಂಟದಲ್ಲಿ ಕತ್ತಿ, ಬಾಯಲ್ಲಿ ಕವಳ ಇರುವವರೊಬ್ಬರನ್ನು ಕಂಡರೆ ಅವರ ಅಂಗೈ ಹೇಗಿರುತ್ತದೆ, ಈಗ ಅವರು ಮಳೆಯ ಬಗ್ಗೆ ಏನು ಯೋಚಿಸುತ್ತಿರಬಹುದು ಎಂಬುದು ಕೂಡ ನಮಗೆ ಹೊಳೆದುಬಿಡುತ್ತದೆ. ಕಂಡ ಮೂರು ಗುರುತುಗಳು ಕಾಣದ ಒಂದು ಬದುಕನ್ನು ತೋರಿಸುತ್ತವೆ. ಅದೇ ಹಾಳೆಟೊಪ್ಪಿಯ ಕೆಳಗೆ ಕೋಟು, ಟೈ, ಬೂಟು ಇದ್ದರೆ ಇವರು ನಾಟಕದವರಿರಬೇಕು ಎಂದುಕೊಳ್ಳುತ್ತೇವೆ.

ಜಾರ್ಜ್ ಶಾ ಅವರಿಗೆ ಆದದ್ದೂ ಇದೇ. ತುಪ್ಪಳದ ಗೊಂಚಲಿನಲ್ಲಿ ಕೊಕ್ಕು ಇರುವುದಿಲ್ಲ. ಆ ಚರ್ಮ ಯಾವ ಬದುಕನ್ನು ಬದುಕಿತ್ತು ಎಂದು ಅವರಿಗೆ ತಿಳಿಸುವವರು ಯಾರೂ ಇರಲಿಲ್ಲ. ಪ್ಲಾಟಿಪಸ್ ನೀರಿನಡಿ ಹೋದಾಗ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಅದರ ಕೊಕ್ಕು ಬಾತಿನದರಂತೆ ಗಟ್ಟಿಯಲ್ಲ, ಮೆತ್ತನೆಯ ಚರ್ಮ ಹೊದ್ದ ಅಂಗ. ಕೆಸರಿನಲ್ಲಿ ಅಡಗಿದ ಸಿಗಡಿಯ ಸ್ನಾಯು ಮಿಸುಕಿದಾಗ ಹುಟ್ಟುವ ಅತಿ ಸಣ್ಣ ವಿದ್ಯುತ್ತನ್ನು ಆ ಕೊಕ್ಕು ಹಿಡಿಯುತ್ತದೆ ಎಂಬುದು ತಿಳಿದದ್ದು 1980ರ ದಶಕದಲ್ಲಿ. ಇಷ್ಟು ಗೊತ್ತಾದ ಮೇಲೆ ಕೊಕ್ಕು, ತುಪ್ಪಳ, ಜಾಲಪಾದ ಮೂರೂ ಒಂದೇ ಪ್ರಾಣಿಯವು ಎನ್ನಿಸುತ್ತದೆ. ಬದಲಾದದ್ದು ನಮ್ಮ ತಿಳಿವಳಿಕೆ.

ಹಾಗಾದರೆ ಪೊಕೆಮಾನ್‌ನಂಥ ಆಟದ ಚಿತ್ರಕಾರ ಮಾಡಬೇಕಾದ ಕೆಲಸ ಈ ಗೊಂಚಲನ್ನು ಬಡಿದೆಬ್ಬಿಸುವುದು. ನೋಡುವವನ ಮನಸ್ಸು ಎರಡು ಅಂಗ ನೋಡಿ ಮೂರನೆಯದನ್ನು ತಾನೇ ಊಹಿಸಬೇಕು. ಆ ಊಹೆ ನಿಜವಾದಾಗ, ಗುಹೆಯಲ್ಲಿ ಇರಬೇಕೆಂದುಕೊಂಡದ್ದು ಗುಹೆಯಲ್ಲೇ ಸಿಕ್ಕಾಗ, ಅದು ಬದುಕಿರುವ ಜೀವಿ ಎನ್ನಿಸುತ್ತದೆ.

ಒಂದೇ ಸುಳ್ಳು

ಪಿಕಾಚುವಿಗೆ ರೂಪ ಕೊಟ್ಟವರು ಅತ್ಸುಕೊ ನಿಶಿದಾ. ಅಳಿಲುಗಳು ಕೆನ್ನೆಯೊಳಗೆ ಆಹಾರ ತುಂಬಿಕೊಳ್ಳುವುದನ್ನು ನೆನೆದು, ಇದೂ ಕೆನ್ನೆಯಲ್ಲೇ ವಿದ್ಯುತ್ತನ್ನು ಕೂಡಿಡಲಿ ಎಂದುಕೊಂಡದ್ದಾಗಿ ಅವರು ಹೇಳಿದ್ದಾರೆ. ಕೆನ್ನೆಚೀಲ ನಮಗೂ ಹೊಸದಲ್ಲ. ನಂದಿಬೆಟ್ಟದಲ್ಲೋ ಚಾಮುಂಡಿಬೆಟ್ಟದಲ್ಲೋ ಕೋತಿ ಕಡಲೆಕಾಯಿ ಕಿತ್ತುಕೊಂಡು ಓಡುವಾಗ ಅದರ ಕೆನ್ನೆ ಊದಿರುವುದನ್ನು ನೋಡಿರುತ್ತೀರಿ. ಸಿಕ್ಕಿದ್ದನ್ನೆಲ್ಲ ಮೊದಲು ಕೆನ್ನೆಗೆ ತುರುಕಿ, ಆಮೇಲೆ ಮರದ ಮೇಲೆ ಕೂತು ನಿಧಾನವಾಗಿ ಅಗಿಯುತ್ತದೆ.

ಅಂದರೆ ಪಿಕಾಚುವಿನ ಮೈಯಲ್ಲಿ ಕೆನ್ನೆ ನಿಜ, ಕೂಡಿಡುವ ಗುಣ ನಿಜ, ಇಲಿಯಂಥ ಚುರುಕು ನಿಜ. ಕೂಡಿಟ್ಟದ್ದು ಏನು ಎನ್ನುವುದೊಂದೇ ಸುಳ್ಳು. ನನ್ನ ಮಟ್ಟಿಗೆ ಒಳ್ಳೆಯ ಕಾಲ್ಪನಿಕ ಜೀವಿಯ ಮೊದಲ ಲಕ್ಷಣ ಇದು: ಒಂದು ಸುಳ್ಳು, ಅದನ್ನು ಹೊರುವಷ್ಟು ನಿಜ.

ಆ ಸುಳ್ಳು ಎಷ್ಟು ದೊಡ್ಡದು ಎಂದು ತಿಳಿಯಲು ದಕ್ಷಿಣ ಅಮೆರಿಕದ ವಿದ್ಯುತ್ ಹಾವುಮೀನನ್ನು ನೋಡಬೇಕು. ಅದರ ಒಂದು ಜಾತಿಯಲ್ಲಿ 860 ವೋಲ್ಟ್ ಅಳೆದದ್ದು 2019ರಲ್ಲಿ ವರದಿಯಾಯಿತು. ನಮ್ಮ ಮನೆಯ ಪ್ಲಗ್ಗಿನಲ್ಲಿರುವುದು 230. ಇಷ್ಟು ವಿದ್ಯುತ್ತು ಹುಟ್ಟಿಸುವುದು ಸ್ನಾಯುಕೋಶಗಳೇ ಮಾರ್ಪಟ್ಟು ಆದ ಕೋಶಗಳು. ಒಂದೊಂದರದೂ ತೀರ ಅಲ್ಪ ಒತ್ತಡ, ಸಾವಿರಾರು ಕೋಶಗಳು ಸಾಲಾಗಿ ಜೋಡಿಕೊಂಡಾಗ ನೂರಾರು ವೋಲ್ಟ್. ಇದಕ್ಕಾಗಿ ಆ ಮೀನು ತನ್ನ ದೇಹದ ಸುಮಾರು ಐದರಲ್ಲಿ ನಾಲ್ಕು ಭಾಗ ಬಿಟ್ಟುಕೊಟ್ಟಿದೆ. ಹೃದಯ, ಜಠರ, ಯಕೃತ್ತು ಎಲ್ಲವೂ ತಲೆಯ ಹಿಂದಿನ ಇಕ್ಕಟ್ಟಿನಲ್ಲಿವೆ. ಅದೂ ಸಾಲದೆಂಬಂತೆ, ಇಂಥ ಬಲವಾದ ಆಘಾತ ಕೊಡುವ ಪ್ರಾಣಿಗಳೆಲ್ಲ ನೀರಿನವು, ಏಕೆಂದರೆ ಗಾಳಿಯಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದಿಲ್ಲ. ನೆಲದ ಮೇಲಿನ ಪಿಕಾಚುವಿನ ಎರಡು ಪುಟ್ಟ ಕೆನ್ನೆಗಳಿಂದ ಈ ಕೆಲಸ ಆಗದು. ಆದರೆ ನಮ್ಮ ಮನಸ್ಸು ವೋಲ್ಟುಗಳನ್ನು ಎಣಿಸುವುದಿಲ್ಲ. ಕೂಡಿಡಲು ಒಂದು ಜಾಗ ಇದೆಯೇ ಎಂದಷ್ಟೇ ಕೇಳುತ್ತದೆ. ಇದೆ.

ಕರಿಬೇವಿನ ಹುಳು

ಈ ಆಟದ ಮೂಲಪುರುಷ ಸತೋಶಿ ತಜಿರಿ ಬೆಳೆದದ್ದು ಟೋಕಿಯೊ ಹೊರವಲಯದ ಮಚಿದಾದಲ್ಲಿ, ಕೀಟ ಹಿಡಿಯುತ್ತ. ಹೊಲ, ಕೊಳಗಳನ್ನು ನಗರ ನುಂಗಿದ ಮೇಲೆ ಆ ಸುಖ ಮುಂದಿನ ಮಕ್ಕಳಿಗೂ ಸಿಗಲೆಂಬ ಆಸೆಯೇ ಈ ಆಟದ ಬೇರು. ಕೀಟ ಹಿಡಿದು ಬೆಳೆದವನಿಗೆ ಯಾವ ಹುಳು ಯಾವ ಎಲೆಯಡಿ ಇರುತ್ತದೆ, ಹೆದರಿಸಿದರೆ ಏನು ಮಾಡುತ್ತದೆ ಎಂಬುದು ಬೆರಳ ತುದಿಯಲ್ಲಿರುತ್ತದೆ. ಆಟದ ತುಂಬ ಆ ತಿಳಿವಳಿಕೆ ಹರಡಿಕೊಂಡಿದೆ.

ಕ್ಯಾಟರ್‌ಪೀ ಎಂಬ ಹಸಿರು ಕಂಬಳಿಹುಳುವಿನ ಹಣೆಯ ಮೇಲೆ ಕೆಂಪು ಕವಲು ಇದೆ, ಶತ್ರು ಬಂದರೆ ಅದರಿಂದ ದುರ್ವಾಸನೆ ಬಿಡುತ್ತದೆ ಎನ್ನುತ್ತದೆ ಆಟ. ನಿಮ್ಮ ಮನೆಯಲ್ಲಿ ಕರಿಬೇವಿನದೋ ನಿಂಬೆಯದೋ ಗಿಡವಿದ್ದರೆ ಇದನ್ನು ಇಂದೇ ಪರೀಕ್ಷಿಸಬಹುದು. ಆ ಗಿಡಗಳ ಮೇಲೆ ಬಾಲಚಿಟ್ಟೆಗಳ ಕುಟುಂಬದ ಹುಳುಗಳು ಇರುತ್ತವೆ. ಎಳೆಯವು ಹಕ್ಕಿಯ ಹಿಕ್ಕೆಯಂತೆ ಕಂದುಬಿಳಿ, ಬಲಿತವು ಎಲೆಹಸಿರು. ಬಲಿತ ಹುಳುವಿನ ಉಬ್ಬಿದ ಹೆಗಲಿನ ಮೇಲೆ ಕಣ್ಣಿನಂಥ ಮಚ್ಚೆಗಳಿರುತ್ತವೆ, ನಿಜವಾದ ತಲೆ ಅದರಡಿ ಮುದುಡಿಕೊಂಡಿರುತ್ತದೆ. ಕಡ್ಡಿಯಿಂದ ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು, ಮೆತ್ತಗಿನ ಎರಡು ಕವಲಿನ ಅಂಗವೊಂದು ಹೊರಚಾಚುತ್ತದೆ. ಜೊತೆಗೆ ಮೂಗಿಗೆ ರಪ್ಪನೆ ಬಡಿಯುವ ವಾಸನೆ. ಒಂದು ಕ್ಷಣ ಬಿಟ್ಟು ಅದು ಒಳಗೆ ಸರಿದುಹೋಗುತ್ತದೆ. ಜಪಾನಿನಲ್ಲೂ ಕಿತ್ತಳೆ, ನಿಂಬೆ ಜಾತಿಯ ಗಿಡಗಳಲ್ಲಿ ಇದೇ ಕುಟುಂಬದ ಹುಳುಗಳಿವೆ.

ಗೇಮ್ ಬಾಯ್‌ನ ಪರದೆ 160 ಚುಕ್ಕೆ ಅಗಲ, 144 ಚುಕ್ಕೆ ಎತ್ತರ. ಬಣ್ಣಗಳಿಲ್ಲ, ನಾಲ್ಕೇ ಛಾಯೆ. ಅಷ್ಟರಲ್ಲಿ ಹುಳುವಿನ ಕೂದಲು, ಉಸಿರುರಂಧ್ರ, ಹದಿನಾರು ಕಾಲುಗಳನ್ನೆಲ್ಲ ತೋರಿಸಲಾಗದು. ಆಟದ ಚಿತ್ರಕಾರ ಕೆನ್ ಸುಗಿಮೊರಿ ಮತ್ತು ಅವರ ಜೊತೆಗಾರರು ಹುಳುವಿನ ಬದುಕನ್ನು ಹೇಳುವ ಎರಡೇ ಸಂಗತಿಗಳನ್ನು ಉಳಿಸಿಕೊಂಡರು: ದೊಡ್ಡ ಕಣ್ಣು, ಕವಲು ಕೊಂಬು. ನಂತರದ ವರ್ಷಗಳಲ್ಲಿ ಪರದೆ ದೊಡ್ಡದಾಗಿ, ಬಣ್ಣ ತುಂಬಿ, ಇಂಥ ಆಟಗಳ ಎಷ್ಟೋ ಜೀವಿಗಳು ಮುಳ್ಳು, ಪಟ್ಟೆ, ರಕ್ಷಾಕವಚಗಳಿಂದ ಭಾರವಾದವು. ಅವುಗಳಲ್ಲಿ ಹಲವನ್ನು ನೋಡುವಾಗ ಅವು ಏನು ತಿನ್ನುತ್ತವೆ ಎಂದು ನನಗೆ ಹೊಳೆಯುವುದಿಲ್ಲ, ಮತ್ತು ಅಲ್ಲಿಗೇ ನನ್ನ ಆಸಕ್ತಿ ಕುಂದುತ್ತದೆ.

ಕೀಟಲೋಕದ ಕ್ರೌರ್ಯವನ್ನೂ ಇವರು ಮರೆಮಾಚಲಿಲ್ಲ. ಪಾರಾಸ್ ಎಂಬ ಜೀವಿಯ ಬೆನ್ನ ಮೇಲೆ ಎರಡು ಸಣ್ಣ ಅಣಬೆ. ಅದು ಬೆಳೆದು ಪಾರಾಸೆಕ್ಟ್ ಆದಾಗ ಬೆನ್ನು ತುಂಬ ಒಂದೇ ದೊಡ್ಡ ಅಣಬೆ, ಕಣ್ಣುಗಳು ಪಾಪೆಯಿಲ್ಲದೆ ಬೆಳ್ಳಗೆ. ನಡೆಸುತ್ತಿರುವುದು ಈಗ ಅಣಬೆ. ಕೀಟದ ಮೈಹೊಕ್ಕು, ಅದನ್ನು ಒಳಗಿನಿಂದ ತಿಂದು, ಹೊರಗೆ ಕಡ್ಡಿಯಂತೆ ಮೊಳೆಯುವ ಶಿಲೀಂಧ್ರಗಳು ನಿಜವಾಗಿಯೂ ಇವೆ. ಕೆಲವು ಇರುವೆಯ ನಡೆಯನ್ನೇ ಬದಲಿಸಿ, ತಾವು ಬೆಳೆಯಲು ಅನುಕೂಲವಾದ ಎಲೆಯ ಮೇಲೆ ಅದನ್ನು ಕಚ್ಚಿ ಹಿಡಿಸಿ ಸಾಯಿಸುತ್ತವೆ.

ಕೊಟ್ಟದ್ದಕ್ಕೆ ಕಿತ್ತುಕೊಂಡದ್ದು

ಅಂಗಸಾಂಗತ್ಯಕ್ಕೆ ಇನ್ನೊಂದು ಮುಖವಿದೆ. ನಿಸರ್ಗದಲ್ಲಿ ಯಾವ ಅಂಗವೂ ಪುಕ್ಕಟೆ ಬರುವುದಿಲ್ಲ. ಹಾರುವ ಮೂಳೆ ಹಗುರವಾಗಬೇಕು, ಹಗುರಾದದ್ದು ಸುಲಭವಾಗಿ ಮುರಿಯುತ್ತದೆ. ಕಾಲ್ಪನಿಕ ಪ್ರಾಣಿಗೂ ಇಂಥದೊಂದು ಕೊರತೆ ಇದ್ದರೆ ಅದರ ಶಕ್ತಿಯನ್ನು ನಾವು ಬೇಗ ಒಪ್ಪುತ್ತೇವೆ.

1999ರ ನವೆಂಬರಿನಲ್ಲಿ ಬಂದ ಎರಡನೆಯ ಸರಣಿಯ ಕ್ರೋಬ್ಯಾಟ್ ಇದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. ಅದು ನಾಲ್ಕು ರೆಕ್ಕೆಯ ಬಾವಲಿ. ಹೆಚ್ಚುವರಿ ಎರಡು ರೆಕ್ಕೆಗಳು ಬೆನ್ನಿಂದ ಮೊಳೆತವಲ್ಲ, ಹಿಂಗಾಲುಗಳೇ ರೆಕ್ಕೆಗಳಾಗಿವೆ. ವೇಗ ಹೆಚ್ಚಿತು, ಆದರೆ ನಿಲ್ಲುವುದು, ವಿಶ್ರಾಂತಿ ಪಡೆಯುವುದು ಕಷ್ಟವಾಯಿತು ಎನ್ನುತ್ತದೆ ಆಟದ ವಿವರಣೆ. ಬಾವಲಿ ಜೋತುಬೀಳುವುದು ಕಾಲಿನಿಂದಲೇ ಅಲ್ಲವೇ? ಈ ಒಂದು ವಾಕ್ಯದಿಂದ ಆ ಪ್ರಾಣಿಯ ರಾತ್ರಿಯಿಡೀ ಕಣ್ಣಮುಂದೆ ಬರುತ್ತದೆ.

2003ರ ಜನವರಿಯಲ್ಲಿ ಚೀನಾದ ಶು ಶಿಂಗ್ ಮತ್ತು ಸಂಗಡಿಗರು ಲ್ಯಾವೊನಿಂಗ್ ಪ್ರಾಂತ್ಯದ ಸುಮಾರು 12 ಕೋಟಿ ವರ್ಷ ಹಳೆಯ ಕಲ್ಲುಗಳಿಂದ ಒಂದು ಪುಟ್ಟ ಡೈನೋಸಾರಿನ ಹೊಸ ಪ್ರಭೇದವನ್ನು ಲೋಕಕ್ಕೆ ಪರಿಚಯಿಸಿದರು. ಹೆಸರು ಮೈಕ್ರೋರ‍್ಯಾಪ್ಟರ್. ಮುಂಗೈಗಳ ಜೊತೆಗೆ ಅದರ ಹಿಂಗಾಲುಗಳಲ್ಲೂ ಹಾರಾಟಕ್ಕೆ ತಕ್ಕ ಉದ್ದನೆಯ ಗರಿಗಳಿದ್ದವು. ನಾಲ್ಕು ರೆಕ್ಕೆಯ ಪ್ರಾಣಿ. ಅಷ್ಟುದ್ದ ಗರಿಗಳನ್ನು ಕಾಲಿಗೆ ಕಟ್ಟಿಕೊಂಡು ನೆಲದ ಮೇಲೆ ಓಡುವುದು ಕಷ್ಟ, ಆದ್ದರಿಂದ ಇದು ಮರಗಳ ಮೇಲೆ ಬದುಕಿದ್ದಿರಬೇಕು ಎಂದು ಅವರು ವಾದಿಸಿದರು. ಆಟದವರು ಊಹಿಸಿದ ಕೊರತೆಯೇ ಪಳೆಯುಳಿಕೆಯ ವಾದದಲ್ಲೂ ಕಾಣಿಸಿಕೊಂಡಿತು. ಇದರಲ್ಲಿ ಪವಾಡವಿಲ್ಲ. ಕಾಲನ್ನು ರೆಕ್ಕೆ ಮಾಡಿದರೆ ಕಾಲಿನ ಕೆಲಸ ಯಾರು ಮಾಡಬೇಕು ಎಂಬ ಪ್ರಶ್ನೆ ಇಬ್ಬರಿಗೂ ಒಂದೇ.

ಆರು ಅಂಗಗಳ ತಕರಾರು

ಇಷ್ಟೆಲ್ಲ ಹೇಳಿದ ಮೇಲೆ ಚಾರಿಝಾರ್ಡ್ ಎದುರು ನಿಲ್ಲುತ್ತದೆ. ಬಾಲದಲ್ಲಿ ಬೆಂಕಿಯಿರುವ, ಎಲ್ಲರಿಗೂ ಗೊತ್ತಿರುವ ಆ ಹಾರುವ ಹಲ್ಲಿಗೆ ಎರಡು ಕಾಲು, ಎರಡು ಕೈ, ಎರಡು ರೆಕ್ಕೆ. ಬೆನ್ನೆಲುಬಿರುವ ಪ್ರಾಣಿಗಳ ಮೈಕಟ್ಟಿನಲ್ಲಿರುವುದು ನಾಲ್ಕೇ ಕೈಕಾಲು. ಹಕ್ಕಿ, ಬಾವಲಿ, ಅಳಿದುಹೋದ ಟೆರೋಸಾರ್ ಮೂರೂ ತಮ್ಮ ಕೈಯನ್ನೇ ರೆಕ್ಕೆಯಾಗಿಸಿಕೊಂಡವು. ಕೈಯನ್ನೂ ಉಳಿಸಿಕೊಂಡು ರೆಕ್ಕೆಯನ್ನೂ ಪಡೆದದ್ದು ಅವುಗಳಲ್ಲಿ ಒಂದೂ ಇಲ್ಲ. ಆದರೂ ಚಾರಿಝಾರ್ಡ್ ಯಾರ ಕಣ್ಣಿಗೂ ಕೃತಕವಾಗಿ ಕಾಣುವುದಿಲ್ಲ. ನಮ್ಮ ಮನಸ್ಸು ಎಲುಬು ಎಣಿಸಿ ಕಲಿತದ್ದಲ್ಲ, ಮೇಲ್ನೋಟದ ಗೊಂಚಲುಗಳಿಂದ ಕಲಿತದ್ದು ಎಂಬುದಕ್ಕೆ ಇದೇ ಪುರಾವೆ. ರೆಕ್ಕೆ ಹಾರಲು, ಉಗುರು ಹಿಡಿಯಲು, ದಪ್ಪ ಬಾಲ ಸಮತೋಲಕ್ಕೆ. ಕೆಲಸ ಹಂಚಿಕೆ ಸರಿಯಾಗಿದ್ದರೆ ಅಂಗಗಳ ಲೆಕ್ಕವನ್ನು ಅದು ಬಿಟ್ಟುಕೊಡುತ್ತದೆ.

ನಿಸರ್ಗ ಇದಕ್ಕೆ ಬೇರೊಂದು ದಾರಿ ಕಂಡುಕೊಂಡಿದೆ, ಅದೂ ನಮ್ಮ ಮಲೆನಾಡಿನಲ್ಲಿ. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಓದಿದವರಿಗೆ ಹಾರುವ ಓತಿ ಗೊತ್ತು. ಪಶ್ಚಿಮಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇಂದಿಗೂ ಇರುವ ನಿಜವಾದ ಹಾರುವ ಓತಿಗೆ ನಾಲ್ಕು ಕಾಲೂ ಇವೆ, ರೆಕ್ಕೆಯೂ ಇದೆ. ರೆಕ್ಕೆ ಆಗಿರುವುದು ಪಕ್ಕೆಲುಬುಗಳಿಂದ. ಕೆಲವು ಪಕ್ಕೆಲುಬುಗಳು ಮೈಯಿಂದಾಚೆ ಉದ್ದ ಬೆಳೆದು, ಅವುಗಳ ಮೇಲೆ ಚರ್ಮ ಹರಡಿಕೊಂಡಿದೆ. ಬೇಡದಾಗ ಮೈಗೆ ಒತ್ತಿ ಮಡಿಸಿಕೊಂಡರೆ ಅಡಿಕೆ ಮರದ ತೊಗಟೆಗೂ ಅದಕ್ಕೂ ವ್ಯತ್ಯಾಸವೇ ತಿಳಿಯದು.

ಹಾಗಾದರೆ ತೇಲುವಾಗ ಆ ಮುಂಗಾಲುಗಳು ಏನು ಮಾಡುತ್ತವೆ? ಹಾರುವ ಚಾರಿಝಾರ್ಡ್‌ನ ಚಿತ್ರಗಳಲ್ಲಿ ಕೈಗಳು ಕೆಲಸವಿಲ್ಲದೆ ಮುಂದೆ ಚಾಚಿಕೊಂಡಿರುತ್ತವೆ. ಓತಿಯದೂ ಹಾಗೆಯೇ ಇದ್ದೀತು ಎಂದು ಬಹುಕಾಲ ಭಾವಿಸಲಾಗಿತ್ತು. ಪಶ್ಚಿಮಘಟ್ಟದ ಈ ಓತಿಯ ಹಾರಾಟದ ಚಿತ್ರಗಳನ್ನು ಹಿಡಿದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಬೇರೆಯದನ್ನೇ ತೋರಿಸಿತು. ಮರದಿಂದ ಜಿಗಿದ ಕೂಡಲೇ ಓತಿ ಎರಡೂ ಕೈಗಳನ್ನು ಹಿಂದಕ್ಕೆ ತಂದು ತನ್ನ ರೆಕ್ಕೆಯ ಮುಂದಿನ ಅಂಚನ್ನು ಹಿಡಿದುಕೊಳ್ಳುತ್ತದೆ. ಹಿಡಿದೇ ತೇಲುತ್ತದೆ, ಆ ಹಿಡಿತದಿಂದಲೇ ರೆಕ್ಕೆಯನ್ನು ಎಳೆದು ಬಾಗಿಸಿ ದಿಕ್ಕು ತಿರುಗಿಸುತ್ತದೆ, ಎದುರಿನ ಮರ ಸಮೀಪಿಸಿದಾಗ ಬಿಟ್ಟು ಕೈ ಮುಂದೆ ಚಾಚುತ್ತದೆ. ತೇಲುವಷ್ಟು ಹೊತ್ತು ಕೈ ಮತ್ತು ರೆಕ್ಕೆ ಸೇರಿ ಒಂದೇ ಅಂಗ. ಮುಂದಿನ ಸಲ ಯಾರಾದರೂ ರೆಕ್ಕೆಯ ಹಲ್ಲಿಯೊಂದನ್ನು ಹೊಸದಾಗಿ ಬರೆಯಲು ಕೂತರೆ ಅದರ ಕೈಗೆ ಈ ಕೆಲಸ ಕೊಟ್ಟು ನೋಡಲಿ ಎಂಬುದು ನನ್ನ ಆಸೆ.